ಹೆಬ್ಬಾವಿಗಾಗಿ ಕಾದ ರಸ್ತೆ

ಕಾಸರಗೋಡು ಎಂದರೆ ಒಳನಾಡಿನ ನಮ್ಮಂಥ ವ್ಯಾಪಾರಸ್ಥರಿಗೆ ಅಡಿಕೆ, ತೆಂಗು, ಕಾಳುಮೆಣಸಿನ ಊರು. ಧರ್ಮಬಂಧುಗಳಿಗೆ ಬಂಗ್ರಮಂಜೇಶ್ವರದ ಹಳೆಯ ಬಸದಿಗಳ ಸೀಮೆ. ಕನ್ನಡಿಗರೆಲ್ಲರಿಗೂ 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿಹೋದ ಗಡಿನಾಡು. ಈ ಮೂರರ ಜೊತೆಗೆ ನಾಲ್ಕನೆಯ ಕಾರಣವೊಂದಕ್ಕಾಗಿಯೂ ಈ ಊರನ್ನು ನೆನೆಯಬೇಕೆಂದು ಈಚೆಗೆ ನಮಗೆ ಅನಿಸಿದೆ. 2022ರಲ್ಲಿ ಇಲ್ಲಿ ಒಂದು ಹೆಬ್ಬಾವು ಮೊಟ್ಟೆಯಿಟ್ಟು ಕಾವಿಗೆ ಕುಳಿತಿತ್ತು ಎಂಬ ಒಂದೇ ಕಾರಣಕ್ಕೆ ರಾಷ್ಟ್ರೀಯ ಹೆದ್ದಾರಿಯ ಮೋರಿ ಕೆಲಸವನ್ನು 54 ದಿನ ನಿಲ್ಲಿಸಿದ್ದರು. ಬಸದಿಗಳ ದರ್ಶನಕ್ಕೆಂದು ಹೋದ ನಾವು ಆ ಸ್ಥಳವನ್ನೂ ನೋಡಿ ಬಂದೆವು. ಅಲ್ಲಿ ಕಂಡದ್ದನ್ನು, ಕೇಳಿದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ತಲಪಾಡಿಯಿಂದ ದಕ್ಷಿಣಕ್ಕೆ

ಮಂಗಳೂರಿನಿಂದ ಹೊರಟ ಬಸ್ಸು ತಲಪಾಡಿ ದಾಟಿದರೆ ಕೇರಳ. ಆದರೆ ಬಸ್ಸಿನೊಳಗಿನ ಮಾತು ಬದಲಾಗುವುದಿಲ್ಲ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಒಂದೇ ಸೀಟಿನಲ್ಲಿ ಕುಳಿತಿರುತ್ತವೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲ್ ಎಂದು ಊರುಗಳು ಬರುತ್ತವೆ. ಊರಿಗೊಂದರಂತೆ ಹೊಳೆಗಳೂ ಬರುತ್ತವೆ. ಬಲಕ್ಕೆ ಕಡಲು, ಎಡಕ್ಕೆ ಕೆಂಪು ಮುರಕಲ್ಲಿನ ಗುಡ್ಡಗಳು. ಈ ಗುಡ್ಡಗಳಿಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವ ಪದ್ಧತಿ ಇಲ್ಲಿಯದೇ ವಿಶೇಷ. ಅಕ್ಕಲಕೋಟೆ ಕಡೆಯ ಕರಿನೆಲ ನೋಡಿ ಬೆಳೆದ ನಮ್ಮ ಕಣ್ಣಿಗೆ ಇಷ್ಟು ಹಸಿರು, ಇಷ್ಟು ನೀರು ಒಂದು ಸೋಜಿಗವೇ.

ಮುರಕಲ್ಲಿನ ನೆಲದಲ್ಲಿ ಪೊಟರೆ, ಬಿಲ, ಸಂದುಗಳಿಗೆ ಕೊರತೆಯಿಲ್ಲ. ಮನುಷ್ಯ ಅಗೆದ ಸುರಂಗದಂತೆಯೇ ಮುಳ್ಳುಹಂದಿ ಅಗೆದ ಬಿಲಗಳೂ ಇರುತ್ತವೆ. ಹೆಬ್ಬಾವು ತಾನಾಗಿ ಬಿಲ ತೋಡುವುದಿಲ್ಲ, ಇನ್ನೊಬ್ಬರು ಮಾಡಿಟ್ಟಿದ್ದರಲ್ಲಿ ಸೇರಿಕೊಳ್ಳುತ್ತದೆ. ರಾಜಸ್ಥಾನದ ಭರತಪುರ ಪಕ್ಷಿಧಾಮದಲ್ಲಂತೂ ಹೆಬ್ಬಾವುಗಳು ಮುಳ್ಳುಹಂದಿಗಳ ಬಿಲದಲ್ಲಿಯೇ ಚಳಿಗಾಲ ಕಳೆಯುವುದನ್ನು ವಿಜ್ಞಾನಿಗಳು ಬರೆದಿಟ್ಟಿದ್ದಾರೆ.

ಗಡಿನಾಡಿನ ನಮ್ಮ ಕುಟುಂಬಗಳಲ್ಲಿ ಈ ಪ್ರಾಣಿಗೆ ಒಬ್ಬೊಬ್ಬರದು ಒಂದೊಂದು ಹೆಸರು. ಕನ್ನಡದಲ್ಲಿ ಹೆಬ್ಬಾವು, ತುಳುವಿನಲ್ಲಿ ಪೆರ್ಮರಿ, ಮಲಯಾಳದಲ್ಲಿ ಪೆರುಂಪಾಂಬು. ತಾಳವಾಡಿ, ಹೊಸೂರಿನವರು ತಮಿಳಿನಲ್ಲಿ ಮಲೈಪಾಂಬು ಎನ್ನುವುದನ್ನು, ಆದವಾನಿ, ಮಡಕಶಿರಾದವರು ತೆಲುಗಿನಲ್ಲಿ ಕೊಂಡಚಿಲುವ ಎನ್ನುವುದನ್ನು ಕೇಳಿರುತ್ತಾರೆ. ಎರಡರಲ್ಲಿಯೂ ಬೆಟ್ಟದ ಹಾವು ಎಂಬ ಅರ್ಥವೇ ಇದೆ. ನಮ್ಮ ಕಡೆ ಮರಾಠಿಯ ಅಜಗರ. ಆಡನ್ನು ನುಂಗುವುದು ಎಂದು ಆ ಸಂಸ್ಕೃತ ಪದದ ಅರ್ಥ.

54 ದಿನ

ಕಾಸರಗೋಡು ಪೇಟೆಗೆ ಸೇರಿದಂತೆಯೇ ಎರಿಯಾಲ್ ಎಂಬ ಊರಿದೆ. ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇರುವುದು ಈ ಭಾಗದಲ್ಲಿಯೇ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಂಸ್ಥೆ ಅದು. ಮಂಜೇಶ್ವರದಲ್ಲಿ ನಾವು ಇಳಿದುಕೊಂಡಿದ್ದ ಮನೆಯ ಯಜಮಾನರಿಗೆ ಎರಿಯಾಲ್‌ಗೆ ಹೋಗುತ್ತೇವೆಂದು ಹೇಳಿದಾಗ ಅವರು ನಕ್ಕುಬಿಟ್ಟರು. "ಅಲ್ಲಿ ಈಗ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ, ಬರೇ ರಸ್ತೆ" ಎಂದರು. ಅವರ ಮಾತು ನಿಜ. ಅಲ್ಲಿ ಅಗಲವಾದ ರಸ್ತೆಯಿದೆ, ಸಾಲುಗಟ್ಟಿ ಓಡುವ ಲಾರಿ ಬಸ್ಸುಗಳಿವೆ. ಒಂದು ಕಲ್ಲಾಗಲಿ, ಫಲಕವಾಗಲಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಆದರೆ ನಡೆದ ಸಂಗತಿ ಅಲ್ಲಿ ಕೇಳಿದ ಅಂಗಡಿಯವರಿಗೆಲ್ಲ ನೆನಪಿತ್ತು.

66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಆರು ಪಥಗಳಾಗಿ ಅಗಲಿಸುವ ಕೆಲಸ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಭಾಗವನ್ನು ವಹಿಸಿಕೊಂಡಿದ್ದು ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘ. 1925ರಲ್ಲಿ ವಾಗ್ಭಟಾನಂದ ಗುರುಗಳ ಪ್ರೇರಣೆಯಿಂದ ಹುಟ್ಟಿದ ಈ ಸಂಘದಲ್ಲಿ ಕೆಲಸಗಾರರೇ ಮಾಲೀಕರು. 2022ರ ಮಾರ್ಚ್ 20ರಂದು ಎರಿಯಾಲ್ ಬಳಿ ಮೋರಿ ಕಟ್ಟಲು ನೆಲ ಅಗೆಯುವಾಗ ಬಿಲವೊಂದರಲ್ಲಿ ಸುರುಳಿ ಸುತ್ತಿದ ಹೆಬ್ಬಾವು ಕಂಡಿತು. ಕೆಲಸಗಾರರು ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿದರು. ಹಾವು ಹಿಡಿಯಲು ಬಂದವರು ನೋಡಿದರೆ ಸುರುಳಿಯ ಒಳಗೆ ಮೊಟ್ಟೆಗಳು. ಎಣಿಕೆಗೆ 24.

ತಾಯಿಯನ್ನು ಹಿಡಿದು ಕಾಡಿಗೆ ಬಿಟ್ಟು, ಮೊಟ್ಟೆಗಳನ್ನು ಬುಟ್ಟಿಯಲ್ಲಿ ತುಂಬಿ ಒಯ್ದಿದ್ದರೆ ಅರ್ಧ ದಿನದ ಕೆಲಸ. ಆದರೆ ತಾಯಿಯ ಕಾವಿಲ್ಲದೆ ಮರಿ ಆಗುವುದು ಕಷ್ಟ ಎಂದು ತಿಳಿದವರು ಹೇಳಿದರು. ಹಾಗಾಗಿ ಆ ಮೋರಿಯ ಕೆಲಸ ನಿಂತಿತು. ಒಂದು ದಿನವಲ್ಲ, ಒಂದು ವಾರವಲ್ಲ, 54 ದಿನ. ಮೊಟ್ಟೆಗಳು ಬಿರಿಯತೊಡಗಿದ ಮೇಲೆ ಅವನ್ನು ಜೋಪಾನವಾಗಿ ತೆಗೆದು, ಮರಿಗಳು ಹೊರಬಂದ ಮೇಲೆ ಕಾಡಿಗೆ ಬಿಟ್ಟರು. ಬಳಿಕ ಯಂತ್ರಗಳು ಮತ್ತೆ ಸದ್ದು ಮಾಡಿದವು.

ಗುತ್ತಿಗೆ ಕೆಲಸ ಬಲ್ಲವರಿಗೆ 54 ದಿನ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ತಂದಿಟ್ಟ ಸಾಮಾನು, ಒಪ್ಪಂದದ ಗಡುವು, ಮುಂದೆ ಬರುವ ಮಳೆಗಾಲ, ಎಲ್ಲವೂ ತಲೆಯ ಮೇಲೆ ಕೂತಿರುತ್ತವೆ. ಕಾರ್ಯ ಕೆಡದಂತೆ ಬೇರೆ ಕಡೆಯ ಕೆಲಸ ನಡೆಸಿಕೊಂಡು ಈ ಒಂದು ಕಡೆ ತಡೆದುಕೊಂಡರು. ದಯೆಯ ಜೊತೆಗೆ ವ್ಯವಹಾರ ಬುದ್ಧಿಯೂ ಅಲ್ಲಿತ್ತು. ಎರಡೂ ಕೂಡಿದ್ದರಿಂದಲೇ ಕೆಲಸ ಸಾಗಿತು ಎಂದು ನಮ್ಮ ಭಾವನೆ.

ತಾಯಿಯ ಕಾವು

ಹಾವು ತಣ್ಣನೆಯ ಪ್ರಾಣಿ, ಅದು ಕಾವು ಕೊಡುವುದು ಹೇಗೆ ಎಂದು ಯಾರಾದರೂ ಕೇಳಿಯಾರು. ಇದೇ ಪ್ರಶ್ನೆ ದೊಡ್ಡ ದೊಡ್ಡ ಪಂಡಿತರಿಗೂ ಬಂದಿತ್ತು. ಲಮಾರ್ ಪಿಕೋ ಎಂಬ ಫ್ರೆಂಚ್ ಪ್ರವಾಸಿ ನಮ್ಮ ದೇಶದಲ್ಲಿ ಹೆಬ್ಬಾವು ಮೊಟ್ಟೆಗೆ ಸುತ್ತಿಕೊಂಡು ಬಿಸಿ ಕೊಡುವುದನ್ನು ಕಂಡು 1832ರಲ್ಲಿ ಪ್ಯಾರಿಸಿನಲ್ಲಿ ತಿಳಿಸಿದಾಗ ವಿದ್ವಾಂಸರು ಅದನ್ನು ನಂಬಲಿಲ್ಲ. 1841ರಲ್ಲಿ ಅದೇ ಪ್ಯಾರಿಸಿನ ಪ್ರಾಣಿಸಂಗ್ರಹಾಲಯದಲ್ಲಿ ಹೆಬ್ಬಾವೊಂದು ಮೊಟ್ಟೆಯಿಟ್ಟಾಗ ವಾಲೆನ್ಸಿಯೆನ್ ಎಂಬ ವಿಜ್ಞಾನಿ ಉಷ್ಣಮಾಪಕ ಇಟ್ಟು ನೋಡಿ, ಸುರುಳಿಯ ನಡುವೆ ಬಿಸಿ ಹೆಚ್ಚಿರುವುದನ್ನು ಕಂಡ. 1966ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪರೀಕ್ಷೆಯಿಂದ ಅದರ ಗುಟ್ಟು ಪೂರ್ತಿ ಬಯಲಾಯಿತು. ತಾಯಿ ತನ್ನ ಮೈಯ ಸ್ನಾಯುಗಳನ್ನು ಮತ್ತೆ ಮತ್ತೆ ಬಿಗಿದು ಸಡಿಲಿಸುತ್ತದೆ. ಚಳಿಗೆ ನಾವು ನಡುಗುವಂತೆಯೇ ಅದು. ಆ ನಡುಕದಿಂದ ಹುಟ್ಟಿದ ಬಿಸಿ ಮೊಟ್ಟೆಗಳಿಗೆ ಹೋಗುತ್ತದೆ. ಸುತ್ತಲಿನ ಗಾಳಿ ತಣ್ಣಗಾದಷ್ಟೂ ನಡುಕ ಹೆಚ್ಚು.

ಹೀಗೆ ಸುಮಾರು ಎರಡು ತಿಂಗಳು. ಆಗಾಗ ಬಿಸಿಲಿಗೆ ಬಂದು ಮೈ ಕಾಯಿಸಿಕೊಂಡು ಹೋದೀತೇ ಹೊರತು ಬೇಟೆಗೆ ಹೋಗುವುದಿಲ್ಲ, ತಿನ್ನುವುದಿಲ್ಲ. ಕಾವು ಮುಗಿಯುವ ಹೊತ್ತಿಗೆ ತಾಯಿ ಬಡವಾಗಿರುತ್ತದೆ. ಇದನ್ನು ಉಪವಾಸ ವ್ರತ ಎಂದು ಹೊಗಳಲು ನಾವು ಹೊರಟಿಲ್ಲ. ವ್ರತಕ್ಕೆ ತಿಳಿವು ಬೇಕು, ಸಂಕಲ್ಪ ಬೇಕು. ಆದರೆ ತನ್ನ ಹಸಿವನ್ನು ಬದಿಗಿಟ್ಟು ಸಂತಾನವನ್ನು ಕಾಯುವ ಜೀವ ಎಂದಂತೂ ಹೇಳಬಹುದು. ಮರಿಗಳು ಹೊರಬಂದ ಮೇಲೆ ತಾಯಿ ತನ್ನ ದಾರಿ ಹಿಡಿಯುತ್ತದೆ. ಎರಡು ಅಡಿಯಷ್ಟಿರುವ ಮರಿಗಳು ಹುಟ್ಟಿದ ದಿನದಿಂದಲೇ ಸ್ವತಂತ್ರ. ಮುಂಗುಸಿ, ಹದ್ದು, ಕಾಡುಬೆಕ್ಕುಗಳ ಬಾಯಿಗೆ ಬೀಳದೆ ದೊಡ್ಡವಾಗುವುದು ಕೆಲವು ಮಾತ್ರ.

ಸುತ್ತುವ ಹಾವು

ಹೆಬ್ಬಾವಿಗೆ ವಿಷವಿಲ್ಲ. ಹಿಂದಕ್ಕೆ ಬಾಗಿದ ಹಲ್ಲುಗಳಿಂದ ಹಿಡಿದು, ಮೈಯಿಂದ ಸುತ್ತಿ ಬಿಗಿಯುವುದೇ ಅದರ ರೀತಿ. ಮೂಳೆ ಪುಡಿ ಮಾಡುತ್ತದೆ ಎಂದು ಜನ ಹೇಳುತ್ತಾರೆ, ಅದು ಸರಿಯಲ್ಲ. ಉಸಿರು ಕಟ್ಟಿಸಿ ಕೊಲ್ಲುತ್ತದೆ ಎಂದು ಪುಸ್ತಕಗಳಲ್ಲಿ ಬಹುಕಾಲ ಬರೆಯುತ್ತಿದ್ದರು. 2015ರಲ್ಲಿ ಅಮೆರಿಕದ ವಿಜ್ಞಾನಿಗಳು ಹೆಬ್ಬಾವಿನ ಹಾಗೆಯೇ ಸುತ್ತಿ ಬಿಗಿಯುವ ಬೋವಾ ಹಾವಿನ ಮೇಲೆ ಪರೀಕ್ಷೆ ಮಾಡಿ, ಬಿಗಿತಕ್ಕೆ ಸಿಕ್ಕ ಪ್ರಾಣಿಯ ರಕ್ತದ ಓಟವೇ ಕೆಲವು ಕ್ಷಣಗಳಲ್ಲಿ ನಿಂತುಹೋಗುತ್ತದೆ ಎಂದು ತೋರಿಸಿದರು.

ಕೆಳದವಡೆಯ ಎರಡು ಭಾಗಗಳು ಮುಂದೆ ಕೂಡಿಕೊಂಡಿಲ್ಲವಾದ್ದರಿಂದ ಬಾಯಿ ಬಹಳ ಅಗಲವಾಗಿ ತೆರೆಯುತ್ತದೆ. ತುಟಿಯ ಅಂಚಿನ ಸಣ್ಣ ಕುಳಿಗಳಿಂದ ಬಿಸಿರಕ್ತದ ಪ್ರಾಣಿಯ ಶಾಖ ಅದಕ್ಕೆ ಕತ್ತಲಲ್ಲಿಯೂ ತಿಳಿಯುತ್ತದೆ. ಬಾಲದ ಬುಡದಲ್ಲಿ ಎರಡು ಸಣ್ಣ ಉಗುರುಗಳಿವೆ. ಹಾವಿನ ಪೂರ್ವಜರಿಗೆ ಕಾಲುಗಳಿದ್ದವು ಎನ್ನುವುದಕ್ಕೆ ಉಳಿದ ಗುರುತು ಅದು. ನಮ್ಮ ದೇಶದ ಹೆಬ್ಬಾವು ಸಾಮಾನ್ಯವಾಗಿ ಹತ್ತು ಅಡಿಯ ಆಸುಪಾಸು, ಹದಿನೈದು ಅಡಿ ಮೀರುವುದು ಅಪರೂಪ. ಸಿನಿಮಾದಲ್ಲಿ ತೋರಿಸುವ ಅನಕೊಂಡ ದಕ್ಷಿಣ ಅಮೆರಿಕದ್ದು, ಇಲ್ಲಿ ಅದಿಲ್ಲ.

ಒಮ್ಮೆ ಹೊಟ್ಟೆತುಂಬ ತಿಂದರೆ ವಾರಗಟ್ಟಲೆ ಅದಕ್ಕೆ ಮತ್ತೇನೂ ಬೇಡ. ತಿಂದು ಮಲಗಿದ ಹೆಬ್ಬಾವನ್ನು ಜನ ಕೋಲಿನಿಂದ ತಿವಿದು ಓಡಿಸುತ್ತಾರೆ. ಅದು ನುಂಗಿದ್ದನ್ನೆಲ್ಲ ಕಕ್ಕಿ ಓಡುತ್ತದೆ. ಹೋದ ಜೀವವೂ ವ್ಯರ್ಥ, ಹಾವಿಗೂ ಹಸಿವು.

"ನಮ್ಮ ತೋಟಕ್ಕೂ ಬರ್ತದೆ" ಎಂದರು ಮಂಜೇಶ್ವರದ ಯಜಮಾನರು. "ಕೋಳಿ ಸಾಕುವವರಿಗೆ ಮಾತ್ರ ಅದರ ಉಪದ್ರ. ಅಡಿಕೆ ಹೆಕ್ಕುವವರಿಗೆ ಅದು ಎಂತ ಮಾಡ್ತದೆ? ಅದರಷ್ಟಕ್ಕೆ ಅದು ಹೋಗ್ತದೆ."

ಒಂದು ಕಠಿಣ ಪ್ರಶ್ನೆ

ಭಗವಾನ್ ಪಾರ್ಶ್ವನಾಥರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ತಾಪಸನ ಬೆಂಕಿಯ ಕಟ್ಟಿಗೆಯೊಳಗೆ ಬೇಯುತ್ತಿದ್ದ ಸರ್ಪಗಳ ಜೋಡಿಯನ್ನು ರಾಜಕುಮಾರ ಪಾರ್ಶ್ವ ಕಂಡು ಕರುಣೆ ತೋರಿದರು, ಅವೇ ಧರಣೇಂದ್ರ ಪದ್ಮಾವತಿಯರಾದವು. ಹೆಡೆಯ ಕೆಳಗಿನ ಆ ಮೂರ್ತಿಗೆ ಕೈ ಮುಗಿಯುವ ನಾವು ಜೀವಂತ ಹಾವಿನ ವಿಷಯದಲ್ಲಿ ಎಷ್ಟು ಮಂದಿ ಹಾಗೆ ನಡೆದುಕೊಳ್ಳುತ್ತೇವೆ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.

ಆದರೆ ಯಾತ್ರೆಯ ಜೊತೆಗಾರರೊಬ್ಬರು ಬೇರೊಂದು ಪ್ರಶ್ನೆ ಎತ್ತಿದರು. ಉಳಿಸಿದ ಮರಿಗಳು ಬೆಳೆದು ಇಲಿ, ಹಕ್ಕಿ, ಮೊಲಗಳನ್ನು ನುಂಗುವುವಲ್ಲ, ಒಂದು ಜೀವ ಉಳಿಸಿ ನೂರು ಜೀವದ ಹಿಂಸೆಗೆ ದಾರಿ ಮಾಡಿದಂತಾಗಲಿಲ್ಲವೇ? ಇದು ತಳ್ಳಿಹಾಕುವ ಮಾತಲ್ಲ. ಬಸ್ಸಿನಲ್ಲಿ ಬಹಳ ದೂರದವರೆಗೆ ಇದೇ ಚರ್ಚೆ ನಡೆಯಿತು.

ನಮಗೆ ತೋಚಿದ ಉತ್ತರ ಇದು. ಹೆಬ್ಬಾವು ತಿರ್ಯಂಚ ಗತಿಯ ಜೀವ. ಅದರ ಆಹಾರ ಅದರ ಕರ್ಮಕ್ಕೆ ಸೇರಿದ್ದು, ಅದನ್ನು ತೂಗಲು ನಮ್ಮ ಕೈಯಲ್ಲಿ ತಕ್ಕಡಿ ಕೊಟ್ಟವರಿಲ್ಲ. ನಮಗೆ ಬರೆಯಲು ಇರುವುದು ನಮ್ಮ ಕೈಯಿಂದ ಆಗುವ ಹಿಂಸೆಯ ಖಾತೆ ಮಾತ್ರ. ಶ್ರಾವಕನಿಗೆ ನಾಲ್ಕು ಬಗೆಯ ಹಿಂಸೆ ಹೇಳಿದ್ದಾರೆ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಬೇಕೆಂದೇ ಮಾಡುವ ಮೊದಲನೆಯದನ್ನು ಪೂರ್ತಿ ಬಿಡಬೇಕು. ಮನೆವಾರ್ತೆ, ಉದ್ಯೋಗಗಳಲ್ಲಿ ಆಗುವುದನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ರಸ್ತೆ ಕಟ್ಟುವುದು ಉದ್ಯೋಗ. ಕಾಣದೆ ಸತ್ತ ಹುಳುಹುಪ್ಪಟೆ ಉದ್ಯೋಗೀ ಹಿಂಸೆಗೆ ಸೇರಿತು. ಆದರೆ ಕಣ್ಣಿಗೆ ಬಿದ್ದ ತಾಯಿಯ ಮೇಲೆ ಯಂತ್ರ ಓಡಿಸಿದ್ದರೆ ಅದು ಸಂಕಲ್ಪೀ ಹಿಂಸೆಯೇ ಆಗುತ್ತಿತ್ತು. ಆ ಗೆರೆ ದಾಟದಿರುವುದಕ್ಕೆ ತೆತ್ತ ಬೆಲೆ 54 ದಿನ. ನಾಲ್ಕು ದಾನಗಳಲ್ಲಿ ಅಭಯದಾನಕ್ಕೆ ಹಣ ಬೇಕಿಲ್ಲ ಎಂದು ನಾವು ತಿಳಿದಿರುತ್ತೇವೆ. ಅದಕ್ಕೆ ಬೇಕಾದದ್ದು ದಿನಗಳು. ವ್ಯಾಪಾರಿಗೆ ದಿನಗಳನ್ನು ಬಿಟ್ಟುಕೊಡುವುದು ಹಣ ಬಿಟ್ಟುಕೊಡುವುದಕ್ಕಿಂತ ಕಷ್ಟ.

ಕುಂಬಳೆಯ ಹತ್ತಿರ ಅನಂತಪುರದ ಸರೋವರ ದೇವಸ್ಥಾನದಲ್ಲಿ ಬಬಿಯಾ ಎಂಬ ಮೊಸಳೆಯಿತ್ತು. 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಾಗ ಊರಿಗೆ ಊರೇ ದುಃಖಪಟ್ಟಿತು. ಅದು ದೇವರ ಮೊಸಳೆ, ನೈವೇದ್ಯ ತಿನ್ನುವ ಮೊಸಳೆ ಎಂಬ ಭಕ್ತಿ ಅಲ್ಲಿತ್ತು. ಎರಿಯಾಲಿನ ಹೆಬ್ಬಾವಿಗೆ ಅಂಥ ಮಹಿಮೆ ಏನೂ ಇರಲಿಲ್ಲ. ಮಹಿಮೆ ಇಲ್ಲದ ಜೀವಕ್ಕೆ ತೋರಿದ ದಯೆ ನಮಗೆ ಇನ್ನೂ ದೊಡ್ಡದಾಗಿ ಕಂಡಿತು.

ಬಯಲುಸೀಮೆಯ ಬಂಧುಗಳಿಗೆ

ಜತ್ತ, ಸೊಲ್ಲಾಪುರ, ರಾಯದುರ್ಗದ ಕಡೆಯ ಓದುಗರು ನಮ್ಮಲ್ಲಿ ಹೆಬ್ಬಾವು ಎಲ್ಲಿದೆ ಎನ್ನಬಹುದು. ಆದರೆ ನಮ್ಮ ಹೊಲಗಳಲ್ಲಿ ಅದರ ಹಾಗೆಯೇ ಸುತ್ತಿ ಹಿಡಿಯುವ ಸಣ್ಣ ಹಾವೊಂದಿದೆ. ಕನ್ನಡದಲ್ಲಿ ಮಣ್ಣುಮುಕ್ಕ, ಎರಡು ತಲೆ ಹಾವು ಎನ್ನುತ್ತಾರೆ. ಮರಾಠಿಯಲ್ಲಿ ಮಾಂಡೂಳ. ಸಡಿಲ ಮಣ್ಣಿನೊಳಗೆ ಇದ್ದು ಇಲಿ ತಿಂದು ಬದುಕುವ ಇದಕ್ಕೆ ವಿಷವಿಲ್ಲ. ಬಾಲ ಮೊಂಡಾಗಿ ತಲೆಯಂತೆ ಕಾಣುವುದರಿಂದ ಎರಡು ತಲೆ ಎಂಬ ಹೆಸರು ಬಂತು. ಇರುವುದು ಒಂದೇ ತಲೆ.

ಈ ಬಡಪಾಯಿ ಹಾವಿಗೆ ವೈರಿ ನಮ್ಮ ಆಸೆ. ಇದನ್ನು ಮನೆಯಲ್ಲಿಟ್ಟರೆ ಸಂಪತ್ತು ಬರುತ್ತದೆ, ಹೂತಿಟ್ಟ ಧನ ಸಿಗುತ್ತದೆ ಎಂದು ನಂಬಿಸಿ ತೂಕದ ಮೇಲೆ ಲಕ್ಷಗಟ್ಟಲೆ ಬೆಲೆ ಹೇಳುತ್ತಾರೆ. ಅವರು ಹುಡುಕುವ ಗಿರಾಕಿಗಳು ಯಾರು? ನಮ್ಮಂಥ ಪೇಟೆಯ ವ್ಯಾಪಾರಿಗಳೇ. ಹಿಂದೊಮ್ಮೆ ದಲಾಲಿಯೊಬ್ಬ ನಮ್ಮ ಅಂಗಡಿಗೂ ಬಂದು, "ಸಾವಕಾರ್ರ, ಒಮ್ಮೆ ಮನಿಯಾಗ ಇಟ್ಟು ನೋಡ್ರಿ, ವರ್ಷ ತುಂಬೂದ್ರಾಗ ಹಣೇಬಾರ ಬದಲಾಗ್ತೈತಿ" ಎಂದಿದ್ದ. "ಅಷ್ಟು ಒಳ್ಳೇದಿದ್ರ ನೀನ ಇಟ್ಕೊಳ್ಳಪಾ, ಯಾಕ ಮಾರ್ತಿ?" ಎಂದು ಕೇಳಿದ್ದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಈ ವ್ಯವಹಾರ ಕಾನೂನಿಗೆ ವಿರುದ್ಧ, ಧರ್ಮಕ್ಕೂ ವಿರುದ್ಧ. ಲೆಕ್ಕ ಬಲ್ಲವನಿಗಂತೂ ಇದು ಶುದ್ಧ ಮೋಸ.

ಹಿಂದೆ ಹಾವಿನ ಚರ್ಮದ ಚೀಲ, ಪಟ್ಟಿಗಳಿಗಾಗಿ ನಮ್ಮ ದೇಶದಿಂದ ಲೆಕ್ಕವಿಲ್ಲದಷ್ಟು ಹಾವುಗಳ ಚರ್ಮ ಹೊರದೇಶಕ್ಕೆ ಹೋಗುತ್ತಿತ್ತು. 1976ರಲ್ಲಿ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಹೆಬ್ಬಾವಂತೂ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಕೊಂದರೆ, ಹಿಡಿದಿಟ್ಟರೆ, ಮಾರಿದರೆ ಮೂರರಿಂದ ಏಳು ವರ್ಷದವರೆಗೆ ಸೆರೆವಾಸ.

ಹೊರದೇಶದ ಹೆಬ್ಬಾವಿನ ಮರಿ ತಂದು ಸಾಕುವ ಶೋಕಿಯೂ ಈಗ ಪಟ್ಟಣದ ಹುಡುಗರಲ್ಲಿ ಅಲ್ಲಲ್ಲಿ ಕಾಣುತ್ತಿದೆ. ಇದರ ಫಲ ಅಮೆರಿಕದ ಫ್ಲಾರಿಡಾದಲ್ಲಿ ನೋಡಬಹುದು. ಸಾಕಲು ತಂದ ಬರ್ಮಾದ ಹೆಬ್ಬಾವುಗಳು ಹೊರಬಿದ್ದು ಅಲ್ಲಿಯ ಜೌಗುಕಾಡಿನಲ್ಲಿ ಸಂಸಾರ ಬೆಳೆಸಿದವು. ಅಲ್ಲಿನ ಸಣ್ಣ ಪ್ರಾಣಿಗಳು ಬಹಳ ಕಡಿಮೆಯಾದವು. ಈಗ ಸರ್ಕಾರವೇ 2013ರಿಂದ ಸ್ಪರ್ಧೆ ಏರ್ಪಡಿಸಿ ಹೆಬ್ಬಾವುಗಳನ್ನು ಕೊಲ್ಲಿಸುತ್ತಿದೆ. ಒಂದು ಜೀವವನ್ನು ಅದರ ನೆಲೆಯಿಂದ ಕಿತ್ತದ್ದಕ್ಕೆ ಎರಡು ಕಡೆಯೂ ಹಿಂಸೆ.

ಹೆಬ್ಬಾವು ಕಂಡರೆ

ಕಾಸರಗೋಡು, ವಯನಾಡು, ನೀಲಗಿರಿ, ತಾಳವಾಡಿ, ಗೋವಾದ ತೋಟ ಗದ್ದೆಗಳ ಬಂಧುಗಳು ಈ ಕೆಲವು ಮಾತುಗಳನ್ನು ಮನೆಯವರಿಗೂ, ಆಳುಕಾಳುಗಳಿಗೂ ತಿಳಿಸಿಡಬೇಕು.

ಗುಂಪು ಕೂಡಬೇಡಿ, ನಾಯಿಗಳನ್ನು ಕಟ್ಟಿಹಾಕಿ, ಮಕ್ಕಳನ್ನು ದೂರವಿಡಿ. ದಾರಿ ಬಿಟ್ಟುಕೊಟ್ಟರೆ ಬಹುಪಾಲು ಅದೇ ಹೋಗುತ್ತದೆ. ಹೋಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಕೇರಳದಲ್ಲಿ ಇದಕ್ಕಾಗಿಯೇ 2020ರಲ್ಲಿ ಇಲಾಖೆ ಸರ್ಪ ಎಂಬ ಮೊಬೈಲ್ ಆ್ಯಪ್ ಮಾಡಿದೆ. ತರಬೇತಿ ಪಡೆದವರು ಅದರ ಮೂಲಕ ಬರುತ್ತಾರೆ.

ಹೆಬ್ಬಾವಿನ ಮರಿ ಎಂದು ತಿಳಿದು ಯಾವ ಹಾವನ್ನೂ ಮುಟ್ಟಬೇಡಿ. ಕೊಳಕುಮಂಡಲ ಹಾವು ನೋಡಲು ಹೆಬ್ಬಾವಿನ ಮರಿಯಂತೆಯೇ ಇರುತ್ತದೆ. ಅದರ ವಿಷ ಪ್ರಾಣಾಂತಿಕ. ಹತ್ತಿರ ಹೋಗಿ ವ್ಯತ್ಯಾಸ ಹುಡುಕುವ ಕೆಲಸ ನಮ್ಮದಲ್ಲ. ಯಾವ ಹಾವು ಕಚ್ಚಿದರೂ ಮಂತ್ರ, ಬೇರುಗಳಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ. ಹೆಬ್ಬಾವಿನ ಕಡಿತಕ್ಕೆ ವಿಷವಿಲ್ಲದಿದ್ದರೂ ಗಾಯ ಆಳವಾಗಿರುತ್ತದೆ.

ತೋಟ ಅಗೆಯುವಾಗ, ಕಟ್ಟಿಗೆ ರಾಶಿ ತೆಗೆಯುವಾಗ ಮೊಟ್ಟೆಯ ಮೇಲೆ ಸುತ್ತಿದ ಹಾವು ಕಂಡರೆ ಆ ಜಾಗವನ್ನು ಹಾಗೆಯೇ ಬಿಟ್ಟು ಇಲಾಖೆಯವರನ್ನು ಕರೆಯಿರಿ. ಅವರು ಕಾಯಲು ಹೇಳಿದರೆ ಕಾಯಿರಿ. ಬೇಸಿಗೆಯಲ್ಲಿ ಎರಡು ತಿಂಗಳು ಒಂದು ಮೂಲೆಯ ಕೆಲಸ ತಡವಾದರೆ ತೋಟ ಮುಳುಗುವುದಿಲ್ಲ.

ಬರುವ ದಶಲಕ್ಷಣ ಪರ್ವದಲ್ಲಿ ಉತ್ತಮ ಸಂಯಮದ ದಿನ ಊರೂರ ಬಸದಿಗಳಲ್ಲಿ ಪ್ರವಚನದ ನಂತರ ಅರಣ್ಯ ಇಲಾಖೆಯವರೊಬ್ಬರನ್ನು ಕರೆಸಿ ಮಕ್ಕಳಿಗೆ ಹಾವುಗಳ ಬಗ್ಗೆ ಅರ್ಧ ಗಂಟೆ ಮಾತನಾಡಿಸಿದರೆ ಒಳ್ಳೆಯದು. ಪ್ರಾಣಿ ಸಂಯಮ ಎಂದರೆ ಏನೆಂದು ಕೇಳಿದ ಮಕ್ಕಳಿಗೆ ಎರಿಯಾಲಿನ ಮೋರಿಯ ಕಥೆ ಹೇಳಿ. ಆ ಕೆಲಸಗಾರರಲ್ಲಿ ನಮ್ಮ ಸಮಾಜದವರು ಇದ್ದರೋ ಇಲ್ಲವೋ, ನಡೆದುಕೊಂಡ ರೀತಿ ಮಾತ್ರ ನಮ್ಮ ಮಕ್ಕಳು ಕಲಿಯಬೇಕಾದ್ದೇ.